ಎಟಿಡಿ: ಮೋಡೆಮ್‌ಗೆ ನಂಬರ್ ಹೇಳುವ ಬಗೆ

(ಕೊಪ್ಪಳದಲ್ಲಿ ಮೋಟರ್ ವೈಂಡಿಂಗ್, ಪ್ಯಾನಲ್ ಬೋರ್ಡ್ ಕೆಲಸ ಮಾಡುವವರು ಮತ್ತು ಡಿಪ್ಲೊಮಾ ಓದುವ ಹುಡುಗರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ತುಂಬಾ ಜನ ಮೊಬೈಲ್ ಸ್ಟಾರ್ಟರ್ ಕೂರಿಸಿದವರೇ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ಪಕ್ಕ ಆ ಡಬ್ಬಿ ಈಗ ಹೊಸ ವಸ್ತುವೇನಲ್ಲ. ರೈತ ಮನೆಯಿಂದ ಒಂದು ರಿಂಗ್ ಕೊಡುತ್ತಾನೆ, ದಾಳಿಂಬೆ ತೋಟದಲ್ಲಿ ಮೋಟರ್ ಚಾಲೂ ಆಗುತ್ತದೆ. ಫೇಸ್ ಹೋದರೆ ಡಬ್ಬಿಯೇ ರೈತನಿಗೆ ಫೋನ್ ಮಾಡುತ್ತದೆ. ಜಾಸ್ತಿ ತೊಂದರೆ ಕೊಡುವುದು ಈ ಎರಡನೇ ಕೆಲಸ. "ಸರ್, ಮೊನ್ನೆ ತನಕ ಫೋನ್ ಮಾಡ್ತಿತ್ತು, ಈಗ ಮಾಡವಲ್ದು" ಅಂತ ನನ್ನ ಹತ್ತಿರ ಬರುವ ಬೋರ್ಡ್‌ಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ. ಡಯಲ್ ಮಾಡುವ ಸಾಲು ತಪ್ಪಿರುತ್ತದೆ. ಇಲ್ಲವೇ ಬಂದ ಉತ್ತರವನ್ನು ಪ್ರೋಗ್ರಾಂ ತಪ್ಪಾಗಿ ತಿಳಿದಿರುತ್ತದೆ.

ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಡಯಲ್ ಮಾಡುವ ಸಾಲಿನಲ್ಲಿ ನಂಬರ್ ಸುಲಭದ ಭಾಗ. ಎಲ್ಲಿ ಕಾಯಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಉತ್ತರ ಬರುವ ತನಕ ಕಾಯಬೇಕು ಅನ್ನುವುದೇ ಕಷ್ಟದ ಭಾಗ. 1981ರ ಮೋಡೆಮ್‌ಗೂ, ಅಂದರೆ ಫೋನ್ ಲೈನಿನಲ್ಲಿ ಕಂಪ್ಯೂಟರ್ ಡೇಟಾ ಕಳಿಸುವ ಪೆಟ್ಟಿಗೆಗೂ, ಇದೇ ಕಷ್ಟ ಇತ್ತು. ನಿಮ್ಮ ಡಬ್ಬಿಗೂ ಇದೇ ಇದೆ. ಭಾಷೆ ಕೂಡ ಹೆಚ್ಚುಕಡಿಮೆ ಅದೇ.

1981 ಅಂದೆನಲ್ಲ, ಅದು ಹೇಯ್ಸ್ ಸ್ಮಾರ್ಟ್‌ಮೋಡೆಮ್ ಬಂದ ವರ್ಷ. ಅಮೆರಿಕದ ಅಟ್ಲಾಂಟಾ ಕಡೆಯ ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಮಾಡಿದ್ದು. 1977ರಲ್ಲಿ ಹೇಯ್ಸ್ ಮನೆಯ ಊಟದ ಮೇಜಿನ ಮೇಲೆ ಬೋರ್ಡ್ ಜೋಡಿಸುತ್ತಾ ಶುರುವಾದ ಕಂಪನಿ ಅದು. ಸ್ಮಾರ್ಟ್‌ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್. ಅಂದರೆ ಸುಮಾರು 30 ಅಕ್ಷರ. ಬೇಗ ಓದುವವರಿಗೆ ಅದು ನಿಧಾನವೇ.

ಅದಕ್ಕೂ ಮುಂಚೆ ಹೆಚ್ಚಿನವರು ಕೈಯಿಂದಲೇ ಡಯಲ್ ಮಾಡುತ್ತಿದ್ದರು. ಆ ಕಡೆಯಿಂದ ಕೀರಲು ಸದ್ದು ಬಂದ ಮೇಲೆ ರಿಸೀವರನ್ನು ರಬ್ಬರ್ ಬಟ್ಟಲಲ್ಲಿ ಕೂರಿಸುತ್ತಿದ್ದರು. ತಾನಾಗಿ ಡಯಲ್ ಮಾಡುವ ಯಂತ್ರ ಇರಲೇ ಇಲ್ಲ ಅಂತಲ್ಲ. ಬೆಲ್ ಕಂಪನಿಯ 801 ಅನ್ನುವ ಪೆಟ್ಟಿಗೆ ಇತ್ತು. ಆದರೆ ಅದು ಮೋಡೆಮ್‌ನಿಂದ ಬೇರೆ, ಅದರ ಕೇಬಲ್ಲೂ ಬೇರೆ. ಸ್ಮಾರ್ಟ್‌ಮೋಡೆಮ್ ಎರಡನ್ನೂ ಒಂದೇ ಸೀರಿಯಲ್ ಕೇಬಲ್‌ಗೆ ತಂದಿತು. ಕಂಪ್ಯೂಟರ್ ಆದೇಶ ಕೊಡುವುದೂ ಅದರಲ್ಲೇ, ಡೇಟಾ ಕಳಿಸುವುದೂ ಅದರಲ್ಲೇ.

ಆದೇಶ ಯಾವಾಗಲೂ ಎಟಿ ಅಂತ ಶುರುವಾಗುತ್ತದೆ. ಅಟೆನ್ಷನ್ ಅನ್ನುವುದರ ಮೊದಲ ಎರಡು ಅಕ್ಷರ ಇವು. ಆದರೆ ಇವು ಸುಮ್ನೆ ಕರೆಯುವ ಅಕ್ಷರಗಳಲ್ಲ, ಒಂದು ಕೆಲಸವನ್ನೂ ಮಾಡುತ್ತವೆ. ಸೀರಿಯಲ್ ತಂತಿಯಲ್ಲಿ ಪ್ರತಿ ಅಕ್ಷರದ ಮುಂದೆ ಒಂದು ಸ್ಟಾರ್ಟ್ ಬಿಟ್ ಬರುತ್ತದೆ, ಅದು 0. 'ಎ' ಅಕ್ಷರದಲ್ಲಿ ಮೊದಲು ಬರುವ ಬಿಟ್ 1. ಹಾಗಾಗಿ ಸ್ಟಾರ್ಟ್ ಬಿಟ್ ಒಂಟಿಯಾಗಿ ನಿಲ್ಲುತ್ತದೆ. ಅದು ಎಷ್ಟು ಹೊತ್ತು ಇತ್ತು ಅಂತ ಅಳೆದರೆ ಕಂಪ್ಯೂಟರ್ ಯಾವ ವೇಗದಲ್ಲಿ ಮಾತಾಡುತ್ತಿದೆ ಅಂತ ಮೋಡೆಮ್‌ಗೆ ಗೊತ್ತಾಗುತ್ತದೆ. 'ಎ'ಯಲ್ಲಿ ಎರಡು ಒಂದುಗಳಿವೆ, 'ಟಿ'ಯಲ್ಲಿ ಮೂರು. ಒಂದು ಸರಿಸಂಖ್ಯೆ, ಇನ್ನೊಂದು ಬೆಸ. ಎರಡನ್ನೂ ನೋಡಿದರೆ ಪ್ಯಾರಿಟಿ, ಅಂದರೆ ತಪ್ಪು ಹಿಡಿಯಲು ಸೇರಿಸುವ ಬಿಟ್, ಯಾವ ಬಗೆಯದು ಅಂತಲೂ ತಿಳಿಯುತ್ತದೆ. ನಿಮ್ಮ ಡಬ್ಬಿಯೊಳಗೆ ಫೋನ್ ಕೆಲಸ ಮಾಡುವ ಸಿಮ್800 ಮಾಡ್ಯೂಲ್‌ಗೆ ಕರೆಂಟ್ ಕೊಟ್ಟ ಮೇಲೆ ಎಟಿ ಎಟಿ ಅಂತ ಕಳಿಸುತ್ತಾ ಓಕೆ ಬರುವ ತನಕ ಕಾಯಿರಿ ಅನ್ನುವುದು ಇದಕ್ಕೇ. ಅದು ಇನ್ನೂ ನಿಮ್ಮ ವೇಗ ಅಳೆಯುತ್ತಿರುತ್ತದೆ. ಈ ಮೊದಲ ಕಾಯುವಿಕೆಯನ್ನೇ ಬಿಟ್ಟು ನೇರ ಡಯಲ್‌ಗೆ ಹೋಗುವ ಪ್ರೋಗ್ರಾಂಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಡಯಲ್‌ಗೆ ಬರೋಣ. ಎಟಿ ಆದ ಮೇಲೆ 'ಡಿ'. ಲ್ಯಾಂಡ್‌ಲೈನ್ ಮೋಡೆಮ್‌ನಲ್ಲಿ ಅದರ ಪಕ್ಕ 'ಟಿ' ಅಥವಾ 'ಪಿ'. ಟಿ ಅಂದರೆ ಟೋನ್, ಪಿ ಅಂದರೆ ಪಲ್ಸ್. ಆಮೇಲೆ ನಂಬರ್, ಕೊನೆಗೆ ಎಂಟರ್.

ಪಲ್ಸ್ ಅಂದರೆ ಲೈನನ್ನು ಪಟಪಟ ಕಡಿದು ಕೂಡಿಸುವುದು. ಸೆಕೆಂಡಿಗೆ 10 ಸಲ. 3 ಅಂದರೆ ಮೂರು ಸಲ, 0 ಅಂದರೆ ಹತ್ತು ಸಲ. ನಮ್ಮ ಕೊಪ್ಪಳದ ಎಸ್‌ಟಿಡಿ ಕೋಡ್ 08539 ತಗೊಳ್ಳಿ. 10, 8, 5, 3, 9. ಒಟ್ಟು 35 ಪಲ್ಸ್. ಕೋಡ್ ಒಂದಕ್ಕೇ ಮೂರೂವರೆ ಸೆಕೆಂಡ್, ಅಂಕಿಗಳ ನಡುವಿನ ಬಿಡುವು ಬೇರೆ. ಟೋನ್‌ನಲ್ಲಿ ಪ್ರತಿ ಅಂಕಿಗೂ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. 5 ಒತ್ತಿದರೆ 770 ಹರ್ಟ್ಜ್ ಮತ್ತು 1336 ಹರ್ಟ್ಜ್. ಒಂದು ಅಂಕಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆದರೆ ಎಕ್ಸ್‌ಚೇಂಜ್‌ಗೆ ಆ ಟೋನ್ ಅರ್ಥವಾಗಬೇಕಲ್ಲ. ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜ್‌ಗಳಿಗೆ ಪಲ್ಸ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಹಳ್ಳಿಗಳಿಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ಕತೆ ನಮ್ಮ ರಾಜ್ಯದ್ದೇ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ತನ್ನ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಕಿತ್ತೂರಿನಲ್ಲಿ ಚಾಲೂ ಮಾಡಿತು.

ಸಾಲಿನಲ್ಲಿ ನಂಬರ್ ಅಲ್ಲದ ಗುರುತುಗಳೂ ಇರುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಪವಿರಾಮ. ಡಯಲ್ ಸಾಲಿನಲ್ಲಿ ಒಂದು ಅಲ್ಪವಿರಾಮ ಹಾಕಿದರೆ ಮೋಡೆಮ್ ಎರಡು ಸೆಕೆಂಡ್ ಸುಮ್ಮನಿರುತ್ತದೆ. ಎರಡು ಸಾಲದಿದ್ದರೆ ಎಸ್8 ಅನ್ನುವ ರಿಜಿಸ್ಟರ್‌ನಲ್ಲಿ, ಅಂದರೆ ಮೋಡೆಮ್ ಅಂಕಿ ನೆನಪಿಟ್ಟುಕೊಳ್ಳುವ ಜಾಗದಲ್ಲಿ, ಬೇರೆ ಅಂಕಿ ಬರೆಯಬಹುದು. ಎರಡು ಅಲ್ಪವಿರಾಮ ಹಾಕಿದರೂ ಆಯಿತು.

ಇದರ ಬೆಲೆ ಗೊತ್ತಾಗುವುದು ಇಪಿಎಬಿಎಕ್ಸ್, ಅಂದರೆ ಆಫೀಸಿನದೇ ಚಿಕ್ಕ ಎಕ್ಸ್‌ಚೇಂಜ್, ಇರುವ ಕಡೆ. ಬಳ್ಳಾರಿ, ಸಂಡೂರು ಕಡೆ ಗಣಿ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಹೊರಗೆ ಫೋನ್ ಮಾಡಬೇಕಾದರೆ ಮೊದಲು 0 ಒತ್ತಿ ಹೊರಗಿನ ಲೈನ್ ಹಿಡಿಯಬೇಕು. ಲೈನ್ ಸಿಗಲು ಒಂದು ಕ್ಷಣ ಬೇಕು. ಮನುಷ್ಯ ಡಯಲ್ ಟೋನ್ ಕೇಳಿಸಿಕೊಂಡು ಮುಂದಿನ ಅಂಕಿ ಒತ್ತುತ್ತಾನೆ. ಮೋಡೆಮ್ ಕಾಯುವುದಿಲ್ಲ, ಗಡಗಡ ಎಲ್ಲ ಅಂಕಿ ಕಳಿಸಿಬಿಡುತ್ತದೆ. ರಾಯಚೂರಿನ ಆಫೀಸಿನಿಂದ ಬಳ್ಳಾರಿಗೆ 0, ಆಮೇಲೆ 08392 ಅಂತ ಹೊರಟಿತು ಅಂದುಕೊಳ್ಳಿ. ಲೈನ್ ಸಿಗುವುದರೊಳಗೆ ಎರಡನೇ 0 ಹಾರಿಹೋಯಿತು. ಎಕ್ಸ್‌ಚೇಂಜ್‌ಗೆ ಸಿಕ್ಕಿದ್ದು 8392 ಅಂತ ಶುರುವಾಗುವ ಅಂಕಿಗಳು. ಮುಂದೆ 0 ಇಲ್ಲ ಅಂದರೆ ಅದು ಊರೊಳಗಿನ ನಂಬರ್ ಅಂತ ಲೆಕ್ಕ. ಆ ನಂಬರ್ ಇಲ್ಲದಿದ್ದರೆ ಕಾಲ್ ಹೋಗುವುದೇ ಇಲ್ಲ. ಇದ್ದರೆ ರಾಯಚೂರಿನಲ್ಲೇ ಯಾರದೋ ಮನೆಯಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಎತ್ತಿದವರಿಗೆ ಕೇಳಿಸುವುದು ಮೌನ ಅಥವಾ ಕುಂಯ್ ಅನ್ನುವ ಸದ್ದು. ಆ ಮನೆಯವರಿಗೆ ಇದು ಯಂತ್ರದ ಕೆಲಸ ಅಂತ ಹೇಗೆ ಗೊತ್ತಾಗಬೇಕು ಹೇಳಿ? ಎಟಿಡಿಟಿ 0, 08392 ಅಂತ ನಡುವೆ ಒಂದು ಅಲ್ಪವಿರಾಮ ಇದ್ದಿದ್ದರೆ ಮುಗಿದುಹೋಗುತ್ತಿತ್ತು.

ಅಲ್ಪವಿರಾಮ ಕುರುಡಾಗಿ ಕಾಯುತ್ತದೆ. ಲೈನ್ ಸಿಕ್ಕಿತೋ ಇಲ್ಲವೋ ಅದಕ್ಕೆ ಬೇಕಿಲ್ಲ. ಕೇಳಿಸಿಕೊಂಡು ಕಾಯಬೇಕು ಅಂದರೆ 'ಡಬ್ಲ್ಯೂ' ಹಾಕಬೇಕು. ಆಗ ಎರಡನೇ ಡಯಲ್ ಟೋನ್ ಬರುವ ತನಕ ಮೋಡೆಮ್ ಮುಂದೆ ಹೋಗುವುದಿಲ್ಲ. @ ಗುರುತು ಹಾಕಿದರೆ ಐದು ಸೆಕೆಂಡ್ ಮೌನ ಸಿಗುವ ತನಕ ಕಾಯುತ್ತದೆ. ಮೊದಲು ಏನೋ ರೆಕಾರ್ಡ್ ಮಾಡಿದ ಮಾತು ಬಂದು, ಆಮೇಲೆ ಅಂಕಿ ಒತ್ತಬೇಕಾದ ಕಡೆ ಅದು ಉಪಯೋಗ. ! ಗುರುತು ಹುಕ್ ಫ್ಲ್ಯಾಶ್, ಅಂದರೆ ರಿಸೀವರ್ ಇಡುವ ಗುಂಡಿಯನ್ನು ಒಂದು ಕ್ಷಣ ಒತ್ತಿ ಬಿಟ್ಟಂತೆ. ಕೊನೆಯಲ್ಲಿ ಅರ್ಧವಿರಾಮ, ಅಂದರೆ ; ಹಾಕಿದರೆ ಡಯಲ್ ಮುಗಿಸಿ ಮೋಡೆಮ್ ಮತ್ತೆ ಆದೇಶ ಕೇಳಲು ಬರುತ್ತದೆ, ಆ ಕಡೆಯ ಮೋಡೆಮ್ ಹುಡುಕುತ್ತಾ ಕೂರುವುದಿಲ್ಲ. ಈ ಅರ್ಧವಿರಾಮ ನೆನಪಿಟ್ಟುಕೊಳ್ಳಿ. ನಿಮ್ಮ ಡಬ್ಬಿಗೆ ಅದು ಬಹಳ ಮುಖ್ಯ.

'ಡಬ್ಲ್ಯೂ' ಇಷ್ಟು ಚೆನ್ನಾಗಿದ್ದರೆ ಅಲ್ಪವಿರಾಮ ಯಾಕೆ ಬೇಕು ಅನ್ನಿಸಬಹುದು. ನಮ್ಮ ದೇಶದ ಟೋನ್ ಬೇರೆ, ಅದಕ್ಕೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಜ್ ಕೂಡಿದ್ದು. ನಮ್ಮದು 400 ಹರ್ಟ್ಜ್‌ನ ಸ್ವರ, ಅದನ್ನು 25 ಹರ್ಟ್ಜ್‌ನಲ್ಲಿ ನಡುಗಿಸಿರುತ್ತಾರೆ. ಅಮೆರಿಕಕ್ಕೆ ಹೊಂದಿಸಿದ ಮೋಡೆಮ್ ತಂದು ಇಲ್ಲಿ ಚುಚ್ಚಿದರೆ, ರಿಸೀವರ್ ಎತ್ತಿದ ನಮಗೆ ಟೋನ್ ಚೆನ್ನಾಗಿ ಕೇಳಿಸುತ್ತಿರುತ್ತದೆ, ಮೋಡೆಮ್ ಮಾತ್ರ ನೋ ಡಯಲ್‌ಟೋನ್ ಅನ್ನಬಹುದು. ಡಯಲ್‌ಅಪ್ ಇಂಟರ್ನೆಟ್ ಕಾಲದಲ್ಲಿ ಇದಕ್ಕೆ ಮದ್ದು ಎಟಿಎಕ್ಸ್3. "ಟೋನ್ ಹುಡುಕಬೇಡ, ಎರಡು ಸೆಕೆಂಡ್ ಬಿಟ್ಟು ಡಯಲ್ ಮಾಡು" ಅಂತ ಅದರ ಅರ್ಥ. ಬ್ಯುಸಿ ಟೋನ್ ಕತೆಯೂ ಹೀಗೆಯೇ. ನಮ್ಮದು ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಅಮೆರಿಕದ್ದು ಅರ್ಧ, ಅರ್ಧ. ಗುರುತು ಸಿಗದಿದ್ದರೆ ಮೋಡೆಮ್ ಬ್ಯುಸಿ ಅಂತ ಹೇಳುವುದೇ ಇಲ್ಲ. ಎಸ್7ನಲ್ಲಿ ಬರೆದಷ್ಟು ಸೆಕೆಂಡ್ ಕಾದು, ಕೊನೆಗೆ ನೋ ಕ್ಯಾರಿಯರ್, ಅಂದರೆ ಆ ಕಡೆಯ ಮೋಡೆಮ್ ಸದ್ದು ಸಿಗಲಿಲ್ಲ, ಅನ್ನುತ್ತದೆ. ನೋ ಕ್ಯಾರಿಯರ್ ಅಂದ ಕೂಡಲೇ ಲೈನ್ ಕೆಟ್ಟಿದೆ ಅಂತ ಲೈನ್‌ಮನ್‌ಗೆ ಫೋನ್ ಮಾಡುವುದು ಹಾಗಾಗಿ ಸರಿಯಲ್ಲ. ಎಷ್ಟೋ ಸಲ ಆ ಕಡೆಯವರು ಮಾತಾಡುತ್ತಿರುತ್ತಾರೆ, ಅಷ್ಟೇ.

ಲೈನ್ ಸಿಕ್ಕಿ, ಎರಡು ಮೋಡೆಮ್‌ಗಳು ಕಿರ್ರೋ ಅಂತ ಮಾತಾಡಿಕೊಂಡು, ಕನೆಕ್ಟ್ ಅಂತ ಬಂತು. ಈಗ ತಂತಿಯಲ್ಲಿ ಹೋಗುವುದೆಲ್ಲ ಡೇಟಾ. ಎಟಿ ಅಂತ ಟೈಪ್ ಮಾಡಿದರೂ ಅದು ಡೇಟಾ ಆಗಿ ಆ ಕಡೆಗೆ ಹೋಗುತ್ತದೆ. ಹಾಗಾದರೆ ಫೋನ್ ಕಟ್ ಮಾಡು ಅಂತ ನಮ್ಮ ಮೋಡೆಮ್‌ಗೆ ಹೇಳುವುದು ಹೇಗೆ?

ಬಯಲಾಟ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ರಾಜನ ವೇಷದವನು ಆಟದ ನಡುವೆ ಸಾರಥಿಯ ಕಡೆ ತಿರುಗಿ "ನೀರು ಕೊಡು" ಅಂದರೆ ಅದು ಪಾತ್ರದ ಮಾತೋ, ಪಾಪ ನಿಜವಾಗಿ ಬಾಯಾರಿದೆಯೋ? ಮಾತು ಒಂದೇ ಆಗಿರುವುದರಿಂದ ಮಾತಿನಿಂದ ಗೊತ್ತಾಗುವುದಿಲ್ಲ. ಅದರ ಹಿಂದೆ ಮುಂದೆ ಬಿಟ್ಟ ಬಿಡುವಿನಿಂದ ಗೊತ್ತಾಗುತ್ತದೆ. ಹೆದರಿಂಗ್ಟನ್ ಕಂಡುಕೊಂಡ ದಾರಿಯೂ ಇದೇ. ಒಂದು ಸೆಕೆಂಡ್ ಏನೂ ಕಳಿಸಬೇಡಿ. ಮೂರು ಕೂಡುವ ಗುರುತು ಕಳಿಸಿ: +++. ಮತ್ತೆ ಒಂದು ಸೆಕೆಂಡ್ ಸುಮ್ಮನಿರಿ. ಆಗ ಮೋಡೆಮ್ ಓಕೆ ಅಂದು ಆದೇಶ ಕೇಳಲು ನಿಲ್ಲುತ್ತದೆ, ಫೋನ್ ಕಟ್ ಆಗಿರುವುದಿಲ್ಲ. ಎಟಿಒ ಅಂದರೆ ಮತ್ತೆ ಡೇಟಾಗೆ ವಾಪಸ್, ಎಟಿಎಚ್ ಅಂದರೆ ಕಟ್. ಫೈಲಿನ ನಡುವೆ ಎಲ್ಲೋ +++ ಬಂದರೂ ಅದರ ಹಿಂದೆ ಮುಂದೆ ಒಂದೊಂದು ಸೆಕೆಂಡಿನ ಮೌನ ಇರುವುದು ಅಪರೂಪ. ಹಾಗಾಗಿ ಮೋಸ ಹೋಗುವುದಿಲ್ಲ.

ಈ ಮೌನಕ್ಕೆ ಹೇಯ್ಸ್ ಕಂಪನಿ ಪೇಟೆಂಟ್ ತಗೊಂಡಿತು. ಬೇರೆ ಕಂಪನಿಗಳು ದುಡ್ಡು ಕೊಡಬೇಕಾಯಿತು. ಕೊಡಲು ಮನಸ್ಸಿಲ್ಲದವರು ಮೌನ ಬಿಟ್ಟು, ಬರೀ +++ ಆದ ಮೇಲೆ ಎಟಿ ಬಂದರೆ ಸಾಕು ಅಂತ ಮಾಡಿದರು. ಅದರ ಫಲ 1990ರ ದಶಕದ ಕೊನೆಗೆ ಕಂಡಿತು. ಕಿಡಿಗೇಡಿಗಳು ಇಂಟರ್ನೆಟ್‌ನಲ್ಲಿದ್ದವರಿಗೆ ಒಂದು ಪಿಂಗ್, ಅಂದರೆ ಇದ್ದೀಯಾ ಅಂತ ಕೇಳುವ ಚಿಕ್ಕ ಸಂದೇಶ, ಕಳಿಸುತ್ತಿದ್ದರು, ಅದರೊಳಗೆ +++ಎಟಿಎಚ್0 ಅಂತ ಬರೆದಿರುತ್ತಿತ್ತು. ಪಿಂಗ್‌ಗೆ ಉತ್ತರ ಕೊಡುವುದು ಅಂದರೆ ಬಂದದ್ದನ್ನೇ ವಾಪಸ್ ಕಳಿಸುವುದು. ಆ ಉತ್ತರ ಸ್ವಂತ ಮೋಡೆಮ್ ದಾಟಿ ಹೋಗುವಾಗ ಮೋಡೆಮ್ ಅದನ್ನು ಆದೇಶ ಅಂದುಕೊಂಡು ಫೋನ್ ಇಟ್ಟುಬಿಡುತ್ತಿತ್ತು. ಎಸ್2 ರಿಜಿಸ್ಟರ್‌ನಲ್ಲಿ 255 ಅಂತ ಬರೆದು +++ ಅನ್ನೇ ಬಂದ್ ಮಾಡುವುದು ಅದಕ್ಕೆ ಪರಿಹಾರ. ಒಂದು ಸೆಕೆಂಡ್ ಉಳಿಸಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಕತೆ ಸಿಕ್ಕಿಲ್ಲ. ಅಂದ ಹಾಗೆ ಹೇಯ್ಸ್ ಕಂಪನಿ 1999ರಲ್ಲಿ ಮುಚ್ಚಿತು. ಅದರ ಭಾಷೆ ಮಾತ್ರ ವಿ.250 ಅನ್ನುವ ಹೆಸರಿನಲ್ಲಿ ಅಂತರರಾಷ್ಟ್ರೀಯ ಮಾನಕ ಆಯಿತು.

ಈಗ ನಿಮ್ಮ ಡಬ್ಬಿಗೆ ಬರೋಣ.

ಮೊಬೈಲ್ ನೆಟ್‌ವರ್ಕ್ ಬಂದಾಗ ಮಾನಕ ಬರೆದವರು ಹೊಸ ಭಾಷೆ ಹುಟ್ಟಿಸಲಿಲ್ಲ. ಇದೇ ಎಟಿಗೆ ಕೂಡುವ ಗುರುತು ಹಾಕಿ ಹೊಸ ಆದೇಶಗಳನ್ನು ಸೇರಿಸಿದರು. ಸಿಗ್ನಲ್ ಕೇಳಲು ಎಟಿ+ಸಿಎಸ್‌ಕ್ಯೂ, ಎಸ್‌ಎಂಎಸ್ ಕಳಿಸಲು ಎಟಿ+ಸಿಎಂಜಿಎಸ್, ಹೀಗೆ. ಡಯಲ್ ಮಾಡುವುದು ಮಾತ್ರ ಹಳೆಯ ಎಟಿಡಿಯೇ. ಟಿ, ಪಿ ಬೇಕಿಲ್ಲ. ಟವರ್‌ಗೆ ಅಂಕಿಗಳು ಒಂದೊಂದಾಗಿ ಹೋಗುವುದಿಲ್ಲ, ಪೂರ್ತಿ ನಂಬರ್ ಒಂದೇ ಸಂದೇಶವಾಗಿ ಹೋಗುತ್ತದೆ.

ಆದರೆ ಕೊನೆಯ ಅರ್ಧವಿರಾಮ ಬೇಕೇ ಬೇಕು. ಎಟಿಡಿ, ನಂಬರ್, ಆಮೇಲೆ ; ಹಾಕಿದರೆ ಅದು ಮಾತಿನ ಕಾಲ್. ಅದಿಲ್ಲದಿದ್ದರೆ ಮಾಡ್ಯೂಲ್ ಡೇಟಾ ಕಾಲ್ ಅಂದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋ ಕ್ಯಾರಿಯರ್ ಅನ್ನುತ್ತದೆ. ನನ್ನ ಮೇಜಿಗೆ ಬರುವ "ಸತ್ತ" ಬೋರ್ಡ್‌ಗಳಲ್ಲಿ ಈ ಒಂದು ಚಿಹ್ನೆ ಬಿಟ್ಟದ್ದಕ್ಕೇ ಸತ್ತವು ಎಷ್ಟೋ ಇವೆ. ರೈತ ಪಾಪ ಸಿಮ್ ಬದಲಿಸಿ, ಆಂಟೆನಾ ಬದಲಿಸಿ ಬಂದಿರುತ್ತಾನೆ.

ಎರಡನೆಯದು, ಓಕೆಯನ್ನು ನಂಬುವುದು. ಎಟಿಡಿ ಕಳಿಸಿದ ಮೇಲೆ ಓಕೆ ಬಂತು ಅಂದರೆ ರೈತ ಫೋನ್ ಎತ್ತಿದ ಅಂತಲ್ಲ. "ನಿಮ್ಮ ಆದೇಶ ತಗೊಂಡೆ" ಅಂತ ಅಷ್ಟೇ. ನಿಜ ಸ್ಥಿತಿ ತಿಳಿಯಲು ಎಟಿ+ಸಿಎಲ್‌ಸಿಸಿ ಅಂತ ಕೇಳಬೇಕು, ಸೆಕೆಂಡಿಗೊಮ್ಮೆ ಕೇಳುತ್ತಾ ಇರಬೇಕು. ಅದರ ಉತ್ತರದಲ್ಲಿ ಮೂರನೇ ಅಂಕಿ ನೋಡಿ. 2 ಅಂದರೆ ಡಯಲ್ ಆಗುತ್ತಿದೆ. 3 ಅಂದರೆ ಆ ಕಡೆ ರಿಂಗ್ ಆಗುತ್ತಿದೆ. 0 ಅಂದರೆ ಎತ್ತಿದ್ದಾರೆ. 3 ಬಂದು ಇಪ್ಪತ್ತು ಸೆಕೆಂಡ್ ಆದರೂ 0 ಬರಲಿಲ್ಲ ಅಂದರೆ ಎಟಿಎಚ್ ಕೊಟ್ಟು ಕಟ್ ಮಾಡಿ. ಆಮೇಲೆ ಕೂಡಲೇ ಮತ್ತೆ ಡಯಲ್ ಮಾಡಬೇಡಿ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟ್ ಒಂದೇ ಸಲಕ್ಕೆ ಹೋದಾಗ ಆ ಲೈನಿನ ಎಲ್ಲ ಡಬ್ಬಿಗಳೂ ಒಂದೇ ಟವರ್‌ಗೆ ಮುಗಿಬೀಳುತ್ತವೆ. ಒಂದೆರಡು ನಿಮಿಷ ಬಿಡಿ, ಮೂರು ಸಲ ನೋಡಿ, ನಿಲ್ಲಿಸಿ. ಎಸ್‌ಎಂಎಸ್ ಕಳಿಸಿ ಸುಮ್ಮನಾಗಿ. ರಾತ್ರಿ ಎರಡು ಗಂಟೆಗೆ ಹತ್ತು ಸಲ ಫೋನ್ ಹೊಡೆದುಕೊಂಡರೆ ಮರುದಿನ ಆ ರೈತ ಡಬ್ಬಿಯನ್ನೇ ಕಿತ್ತು ಹಾಕುತ್ತಾನೆ. ನಾನಾದರೂ ಕಿತ್ತು ಹಾಕುತ್ತಿದ್ದೆ.

ಬರುವ ಕಾಲ್‌ನಲ್ಲಿ ನೋಡಬೇಕಾದದ್ದು ಬೇರೆ. ಎಟಿ+ಸಿಎಲ್‌ಐಪಿ=1 ಅಂತ ಮೊದಲೇ ಕೊಟ್ಟಿದ್ದರೆ, ರಿಂಗ್ ಅನ್ನುವುದರ ಜೊತೆಗೆ ಯಾರ ನಂಬರ್ ಅಂತಲೂ ಬರುತ್ತದೆ. ಡಬ್ಬಿ ಆ ನಂಬರ್ ನೋಡಿ, ಎಟಿಎಚ್ ಕೊಟ್ಟು ಕಟ್ ಮಾಡಿ, ಮೋಟರ್ ಚಾಲೂ ಮಾಡುತ್ತದೆ. ಎತ್ತಲೇ ಇಲ್ಲ, ಹಾಗಾಗಿ ರೈತನಿಗೆ ಪೈಸೆ ಖರ್ಚಿಲ್ಲ. ಆ ನಂಬರ್ ಒಂದು ಸಲ +91 ಸೇರಿಸಿ ಬರಬಹುದು, ಇನ್ನೊಂದು ಸಲ 0 ಸೇರಿಸಿ, ಮತ್ತೊಂದು ಸಲ ಬರೀ ಹತ್ತು ಅಂಕಿ. ಪೂರ್ತಿ ಹೋಲಿಸಿ ನೋಡಿದರೆ ಮಾಲೀಕನನ್ನೇ ಡಬ್ಬಿ ಗುರುತು ಹಿಡಿಯುವುದಿಲ್ಲ. ಕೊನೆಯ ಹತ್ತು ಅಂಕಿ ಮಾತ್ರ ನೋಡಿ.

ಲ್ಯಾಂಡ್‌ಲೈನ್‌ಗೆ ಜೋಡಿಸಿದ ಹಳೆ ಅಲಾರಂ ಡಯಲರ್ ರಿಪೇರಿ ಮಾಡುವವರು ಇದ್ದರೆ ಒಂದು ಮಾತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವ ಮೊಬೈಲ್‌ಗೆ ಮಾಡಿದರೂ ಮುಂದೆ 0 ಬೇಕು. ಅದಕ್ಕೂ ಮುಂಚೆ ನಂಬರ್ ಹಾಕಿಟ್ಟ ಡಯಲರ್‌ಗಳು ಇನ್ನೂ ಕೆಲವು ಕಡೆ ಇವೆ. ಕಳ್ಳ ಬಂದ ದಿನ ಅದು ಗೊತ್ತಾಗಬಾರದು, ಅಲ್ವಾ?

ಕರೆಂಟಿನ ವಿಷಯ. "ಎಟಿ ಅಂದರೆ ಓಕೆ ಅಂತದ, ಡಯಲ್ ಅಂದ ಕೂಡಲೇ ಬಂದ್ ಆಗ್ತದ" ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಇದು ಆದೇಶದ ತಪ್ಪಲ್ಲ, ಸಪ್ಲೈ ತಪ್ಪು. 2ಜಿ ಮಾಡ್ಯೂಲ್ ಟವರ್ ಜೊತೆ ಮಾತಾಡುವಾಗ ಕ್ಷಣಕ್ಷಣಕ್ಕೂ 2 ಆಂಪಿಯರ್ ತನಕ ಎಳೆಯುತ್ತದೆ. ಟವರ್ ದೂರ ಇದ್ದಷ್ಟೂ ಜಾಸ್ತಿ. ತಂತಿ ತೆಳುವಾಗಿದ್ದರೆ ವೋಲ್ಟೇಜ್ ಕುಸಿದು ಮಾಡ್ಯೂಲ್ ರೀಸೆಟ್ ಆಗುತ್ತದೆ. ಸಿಮ್800ಗೆ 3.4ರಿಂದ 4.4 ವೋಲ್ಟ್ ಒಳಗೇ ಇರಬೇಕು. ಸಪ್ಲೈ ಪಿನ್ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ತಂತಿ ದಪ್ಪ ಮತ್ತು ಗಿಡ್ಡ ಇರಲಿ. ಹಾಗೇ ಎಟಿ+ಸಿಎಸ್‌ಕ್ಯೂ ಕೇಳಿ. 0ರಿಂದ 31ರ ತನಕ ಉತ್ತರ ಬರುತ್ತದೆ, 99 ಬಂದರೆ ಗೊತ್ತಿಲ್ಲ ಅಂತ ಅರ್ಥ. 10ಕ್ಕಿಂತ ಕಡಿಮೆ ಇದ್ದರೆ ಆಂಟೆನಾವನ್ನು ಕಬ್ಬಿಣದ ಡಬ್ಬಿಯಿಂದ ಹೊರಗೆ, ಶೆಡ್ಡಿನ ಮೇಲೆ ಹಾಕಿ. ಅದನ್ನು ಮಾಡದೆ ಪ್ರೋಗ್ರಾಂ ತಿದ್ದಿ ಪ್ರಯೋಜನವಿಲ್ಲ.

ಕೊನೆಗೆ ಎರಡು ಪ್ರಶ್ನೆ ಬಂದವು. ಒಬ್ಬ ತಮ್ಮ ಕೇಳಿದ: "ಸರ್, ಜಿಯೋ ಸಿಮ್ ಹಾಕಿದ್ರ ಯಾಕ ನಡಿಯಂಗಿಲ್ಲ?" ಜಿಯೋಗೆ 2ಜಿ ನೆಟ್‌ವರ್ಕ್ ಇಲ್ಲ, ಸಿಮ್800ಗೆ 2ಜಿ ಬಿಟ್ಟು ಬೇರೆ ಗೊತ್ತಿಲ್ಲ. ಯಾವ ಆದೇಶ ಕೊಟ್ಟರೂ ಅವೆರಡೂ ಕೂಡುವುದಿಲ್ಲ. 2ಜಿ ಇರುವ ಕಂಪನಿಯ ಸಿಮ್ ಹಾಕಿ. ಇಲ್ಲವೇ 4ಜಿ ಮಾಡ್ಯೂಲ್ ಹಾಕಿ. ಅದರಲ್ಲೂ ಎಟಿಡಿ ಅದೇ, ಅರ್ಧವಿರಾಮ ಅದೇ. ಆದರೆ 4ಜಿಯಲ್ಲಿ ಮಾತಿನ ಕಾಲ್ ಹೋಗಬೇಕಾದರೆ ವಿಒಎಲ್‌ಟಿಇ, ಅಂದರೆ 4ಜಿ ಮೇಲೆಯೇ ಮಾತು ಕಳಿಸುವ ವ್ಯವಸ್ಥೆ, ಬೇಕು. ಎಲ್ಲ 4ಜಿ ಮಾಡ್ಯೂಲ್‌ಗಳಲ್ಲೂ ಅದು ಇರುವುದಿಲ್ಲ, ಕೆಲವು ಬರೀ ಡೇಟಾಗೆ ಇರುವಂಥವು. ತಗೊಳ್ಳುವ ಮುಂಚೆ ಅಂಗಡಿಯವನನ್ನು ಅದೊಂದನ್ನು ಕೇಳಿ.

ಇನ್ನೊಬ್ಬರು, ಮನೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಬಹುದಾ ಅಂತ ಕೇಳಿದರು. ಮಾಡಬಹುದು. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಚಿಕ್ಕ ಬೋರ್ಡ್ ಒಂದು, ಪುಟ್ಟಿಯಂಥ ಟರ್ಮಿನಲ್ ಪ್ರೋಗ್ರಾಂ ಒಂದು ಸಾಕು. 5 ವೋಲ್ಟ್ ಸಿಗ್ನಲ್ಲನ್ನು ನೇರ ಮಾಡ್ಯೂಲ್ ಪಿನ್‌ಗೆ ಕೊಡಬೇಡಿ, ಸುಟ್ಟೀತು. ಎಟಿ ಕಳಿಸಿ, ಓಕೆ ಬರುವ ತನಕ. ಎಟಿ+ಸಿಪಿಐಎನ್? ಕೇಳಿ, ಸಿಮ್ ಸರಿಯಿದ್ದರೆ ರೆಡಿ ಅನ್ನಬೇಕು. ಎಟಿ+ಸಿಆರ್‌ಇಜಿ? ಕೇಳಿ, ಎರಡನೇ ಅಂಕಿ 1 ಬಂದರೆ ಟವರ್ ಸಿಕ್ಕಿದೆ, 5 ಬಂದರೆ ರೋಮಿಂಗ್‌ನಲ್ಲಿ ಸಿಕ್ಕಿದೆ. ಸಿಎಸ್‌ಕ್ಯೂ ನೋಡಿ. ಆಮೇಲೆ ನಿಮ್ಮದೇ ಫೋನಿಗೆ ಡಯಲ್ ಮಾಡಿ, ಅರ್ಧವಿರಾಮ ಮರೆಯಬೇಡಿ. ಫೋನ್ ಎತ್ತದೆ ಸಿಎಲ್‌ಸಿಸಿ ಕೇಳುತ್ತಾ ಇರಿ. 2 ಬರುತ್ತದೆ, 3 ಬರುತ್ತದೆ. ಎತ್ತಿ, 0 ಬರುತ್ತದೆ. ಎಟಿಎಚ್ ಕೊಟ್ಟು ಕಟ್ ಮಾಡಿ.